ಹದಿನಾರು ಹಲ್ಲು

ನಮ್ಮ ತಂದೆಯ ಹತ್ತಿರ ಕುಂಚ ಹಿಡಿಯಲು ಬಂದವರು ಮೊದಲು ಕಲಿಯುತ್ತಿದ್ದುದು ಬಣ್ಣ ಅರೆಯುವುದನ್ನಲ್ಲ, ಗೆರೆ ಎಳೆಯುವುದನ್ನೂ ಅಲ್ಲ. ಭಿನ್ನವಾದದ್ದನ್ನು ಬರೆಯಬಾರದು ಎಂಬ ಒಂದು ಮಾತನ್ನು. ಮೂಗು ಮುರಿದ ಮೂರ್ತಿಗೆ ಪೂಜೆಯಿಲ್ಲ, ಅದನ್ನು ಹೊಳೆಗೆ ಬಿಡುತ್ತಾರೆ. ಹಾಗೆಯೇ ಬೆರಳು ಕಡಿಮೆಯಾದ ಕೈಯನ್ನು, ಎಸಳು ಉದುರಿದ ತಾವರೆಯನ್ನು ಪಟದಲ್ಲಿ ಬರೆದರೆ ಬರೆಸಿದವರಿಗೂ ಕೇಡು, ಬರೆದವರಿಗೂ ಕೇಡು. ನಂಜನಗೂಡಿನ ನಮ್ಮ ಮನೆಗೆ ಗೆದ್ದಲು ತಿಂದ ಹಳೆಯ ಪಟಗಳನ್ನು ಸರಿಮಾಡಿಸಲು ತರುತ್ತಿದ್ದರು. ತಿಂದುಹೋದ ಕಡೆ ಏನಿತ್ತೆಂದು ತಂದೆ ಯಾರನ್ನೂ ಕೇಳುತ್ತಿರಲಿಲ್ಲ. ಇರಬೇಕಾದದ್ದನ್ನು ಬರೆದುಬಿಡುತ್ತಿದ್ದರು. ನಾನು ಚಿಕ್ಕವನಾಗಿದ್ದಾಗ ಒಂದು ಗಿಳಿಯ ರೆಕ್ಕೆಯಲ್ಲಿ ಒಂದು ಗರಿ ಬಿಟ್ಟು ಬರೆದೆ. ಮರದ ಮೇಲಿದ್ದ ಗಿಳಿಗೆ ಆ ಗರಿ ಇರಲೇ ಇಲ್ಲ ಎಂದು ವಾದ ಬೇರೆ ಮಾಡಿದೆ. ಅಳತೆಕಡ್ಡಿಯಿಂದ ಬೆರಳ ಗಂಟಿನ ಮೇಲೆ ಏಟು ಬಿತ್ತು. ಆಮೇಲೆ ನಾನು ಯಾವ ಹಕ್ಕಿಯ ಪರವಾಗಿಯೂ ವಕೀಲಿ ಮಾಡಲು ಹೋಗಲಿಲ್ಲ.

ಬೊಂಬಾಯಿ ಕಡೆಯಿಂದ ಅಚ್ಚಿನ ದೇವರ ಪಟಗಳು ರೈಲಿನಲ್ಲಿ ಬರತೊಡಗಿದ ಮೇಲೆ ನಮ್ಮನ್ನು ಕೇಳುವವರಿಲ್ಲದೆ ಹೋಯಿತು. ಅದೇ ಹೊತ್ತಿಗೆ ತಂದೆಯ ಕೈ ನಡುಗಲು ಶುರುವಾಯಿತು. ಮನೆಯಲ್ಲಿ ಉಣ್ಣುವ ಬಾಯಿ ಐದು, ಬರೆಯುವ ಕೈ ಒಂದು, ಆ ಕೈಗೆ ಕೆಲಸವಿಲ್ಲ. ಆಗ ತಿರುಮಕೂಡಲು ನರಸೀಪುರದಿಂದ ಸುದ್ದಿ ಬಂತು: ಅಲ್ಲಿ ನಾಲೆಗಳನ್ನು ನೋಡಿಕೊಳ್ಳುವ ಇಂಜಿನಿಯರ್ ರಾಯರಿಗೆ ಸೂಕ್ಷ್ಮ ಕೆಲಸ ಬಲ್ಲ ಚಿತ್ರಗಾರನೊಬ್ಬ ಬೇಕಂತೆ. ಅಳಿಲ ಬಾಲದ ಕೂದಲಿನ ಕುಂಚಗಳನ್ನು ಕಟ್ಟಿಕೊಂಡು ಗಾಡಿ ಹತ್ತಿದೆ. ರಾಯರ ಮನೆಯ ದೇವರ ಕೋಣೆಗೆ ಏನೋ ಬರೆಯಬೇಕಾಗಿರಬಹುದು ಎಂದುಕೊಂಡಿದ್ದೆ.

ಬರೆಯಬೇಕಾದದ್ದು ಪಾಚಿಯನ್ನು. ಕಲ್ಲಿನ ಮೇಲೆ ಬೆಳೆಯುವ, ಕಾಲಿಟ್ಟರೆ ಜಾರುವ, ಹೆಂಗಸರು ತೆಂಗಿನ ನಾರು ಹಾಕಿ ಉಜ್ಜುವ ಪಾಚಿ.

ಊರಿನವರು ನಗುತ್ತಿದ್ದರು. ಸಂತೆಯಲ್ಲಿ ನನ್ನನ್ನು ಕಂಡವರು, “ಕೆಲ್ಸ ಇಲ್ದಿರೋ ಬಡಗಿ ಮಗೀನ ಕುಂಡೆ ಕೆತ್ತುದ್ನಂತೆ, ನಿಮ್ ಸಾಯೇಬ್ರು ಪಾಚಿ ಬರಸ್ತಾರಂತೆ” ಅನ್ನುತ್ತಿದ್ದರು. ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ. ಒಂದು ತಿಂಗಳಾದ ಮೇಲೆ ನಗು ನಿಂತಿತು. ನನಗೆ ಕೊಟ್ಟದ್ದು ಕಚೇರಿಯ ಹಿಂದಿನ ಒಂದು ಸಣ್ಣ ಕೋಣೆ. ಗಾಳಿ ಬಂದರೆ ಒಣಗಿದ ಪಾಚಿ ಹಾರಿಹೋಗುತ್ತದೆಂದು ಕಿಟಕಿಯ ಒಂದು ಬಾಗಿಲು ಮುಚ್ಚಿ, ಇನ್ನೊಂದನ್ನು ಬೆಳಕಿಗೆ ಬೇಕಾದಷ್ಟೇ ತೆರೆದಿಡಬೇಕು. ಮುಂದೆ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ದುರ್ಬೀನು. ಎಡಗಣ್ಣು ಮುಚ್ಚಿ, ಬಲಗಣ್ಣು ಅದಕ್ಕೆ ಒತ್ತಿ, ಉಸಿರು ಬಿಗಿಹಿಡಿದು ದಿನವೆಲ್ಲ ಕೂರಬೇಕು. ಸೀನಿದರೆ ಒಂದು ವಾರದ ಕೆಲಸ ನೆಲದ ಪಾಲು. ಜೈಲಿನಲ್ಲಿರುವವನಿಗೆ ಜೋರಾಗಿ ಉಸಿರಾಡುವ ಸ್ವಾತಂತ್ರ್ಯವಾದರೂ ಇರುತ್ತದೆ ಎಂದು ಎಷ್ಟೋ ಸಲ ಅನ್ನಿಸಿದೆ. ಬಿಟ್ಟು ಹೋಗೋಣವೆಂದರೆ ಎಲ್ಲಿಗೆ? ಊರಿನಲ್ಲಿ ಐದು ಬಾಯಿ ಕಾಯುತ್ತಿದ್ದವು.

ರಾಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ದರೆ ನನ್ನ ಸಂಕಟ ಅರ್ಧ ಕಡಿಮೆಯಾಗುತ್ತಿತ್ತು. ಪಾಚಿಗೆ ಹೂವಿಲ್ಲ ಎಂದು ಅವರೇ ಕೂರಿಸಿಕೊಂಡು ಹೇಳಿಕೊಟ್ಟರು. ಕೂದಲಿನಂಥ ಕಡ್ಡಿಯ ತುದಿಗೆ ಸಾಸಿವೆಗಿಂತ ಸಣ್ಣ ಒಂದು ಕುಡಿಕೆ. ಕುಡಿಕೆಗೆ ಮುಚ್ಚಳ. ಅದು ಬಿದ್ದರೆ ಬಾಯಿಯ ಸುತ್ತ ಹಲ್ಲುಗಳ ಸಾಲು. ಒಳಗಿರುವ ಧೂಳಿನಂಥ ಬೀಜವನ್ನು ಆ ಹಲ್ಲುಗಳು ಹವೆ ನೋಡಿಕೊಂಡು ಹೊರಗೆ ಬಿಡುತ್ತವೆ. “ಹಲ್ಲು ನೋಡಿ ಎತ್ತಿನ ವಯಸ್ಸು ಹೇಳೋ ಹಾಗೆ ಹಲ್ಲು ನೋಡಿ ಪಾಚಿಯ ಕುಲ ಹೇಳಬಹುದು ಕಣಯ್ಯಾ. ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಲೆಕ್ಕ ತಪ್ಪೋದಿಲ್ಲ” ಎಂದರು. ಲೆಕ್ಕ ತಪ್ಪದ ವಸ್ತುವೆಂದರೆ ನನಗೂ ಸಮಾಧಾನ. ಕಮಲದ ಎಸಳಿನ ಹಾಗೆ ವೃತ್ತ ಹಾಕಿ, ಪಾಲು ಮಾಡಿ ಬರೆಯುತ್ತಿದ್ದೆ. ನನ್ನ ಹಾಳೆಗಳನ್ನು ಕೈಯಲ್ಲಿ ಹಿಡಿದು ಅವರು ಕಚೇರಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಚಿತ್ರದ ಒಂದು ನಕಲು ಮತ್ತು ಒಣಗಿದ ಪಾಚಿಯ ಒಂದು ಪೊಟ್ಟಣ ಹಡಗಿನಲ್ಲಿ ಸೀಮೆಗೆ ಹೋಗುತ್ತಿದ್ದವು; ಮೂಲ ಹಾಳೆ, ಇನ್ನೊಂದು ಪೊಟ್ಟಣ ನಮ್ಮಲ್ಲೇ ಉಳಿಯುತ್ತಿದ್ದವು. ಅಲ್ಲಿ ಒಬ್ಬ ಪಂಡಿತ. ಪ್ರತಿ ಸಲವೂ ಆತನ ಉತ್ತರ ಒಂದೇ: ಇದು ಗೊತ್ತಿರುವುದು, ಇದಕ್ಕೆ ಆಗಲೇ ಹೆಸರಿದೆ. ಪತ್ರ ಓದಿದ ದಿನ ರಾಯರು ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಒಮ್ಮೆ ನನ್ನ ಹತ್ತಿರ, “ನಮ್ಮ ಸಂಸ್ಥಾನದ ಪಾಚಿಗೆ ಹೆಸರಿಟ್ಟೋರೆಲ್ಲ ಇಲ್ಲಿ ಕಾಲೇ ಇಡದೋರು. ಒಂದು, ಒಂದೇ ಒಂದು, ಇಲ್ಲಿಯವನು ಮೊದಲು ನೋಡಿದ್ದು ಅಂತ ಆಗಬೇಕು” ಎಂದರು. ಅಂಥ ಆಸೆಯನ್ನು ಸಂಬಳದವನ ಮುಂದೆ ಹೇಳಿಕೊಂಡರಲ್ಲ ಎಂದು ನನಗೆ ನಾಚಿಕೆಯಾಯಿತು, ಅವರ ಮೇಲೆ ಅಕ್ಕರೆಯೂ ಹುಟ್ಟಿತು.

ಆ ಒಂದು ಸಿಕ್ಕಿತು. ಊರಿನಾಚೆ ಒಂದು ಹಳೆಯ ನಾಲೆಯ ತೂಬು. ಅದರ ಒಳಗೋಡೆಗೆ ಬಿಸಿಲು ಬೀಳುವುದಿಲ್ಲ. ಅಲ್ಲಿ ಹಳೆಯ ಗಾರೆಯ ಸಂದಿನಲ್ಲಿ ಮಾತ್ರ ಒಂದು ಪಾಚಿ, ಎಲೆಯ ಅಂಚು ಒಳಕ್ಕೆ ಸುರುಳಿಯಾಗಿರುವುದು. ರಾಯರು ಎರಡು ಮಳೆಗಾಲ ಅಣೆ, ಬಾವಿ, ಸೋಪಾನ ಎಲ್ಲ ಹುಡುಕಿದರು. ಬೇರೆಲ್ಲೂ ಇಲ್ಲ. ತೂಬು ಸೋರುತ್ತಿದೆ, ಮರಾಮತ್ತು ಮಾಡಿಸಿ ಎಂದು ಮೇಲಿನಿಂದ ಕಾಗದ ಬಂದಿತ್ತು. ಏನೋ ನೆಪ ಹೇಳಿ ಒಂದು ವರ್ಷ ಮುಂದಕ್ಕೆ ತಳ್ಳಿದರು. ಮಳೆಗಾಲ ಮುಗಿಯುವಾಗ ಆ ಪಾಚಿಯಲ್ಲಿ ಎರಡೇ ಎರಡು ಕುಡಿಕೆ ಸಿಕ್ಕವು. ಅವುಗಳನ್ನು ನನ್ನ ಕೈಗೆ ಕೊಟ್ಟು, ಮುಚ್ಚಳ ತೆಗೆದು ಹಲ್ಲು ಬರೆದಿಡು ಎಂದು ಹೇಳಿ ತಲಕಾಡಿನ ಕಡೆ ಸರ್ಕೀಟು ಹೊರಟರು.

ಮೊದಲನೆಯದರ ಮುಚ್ಚಳವನ್ನು ಸೂಜಿಯಿಂದ ಎತ್ತಿದೆ. ಹದಿನಾರು ಹಲ್ಲಿನಲ್ಲಿ ಎರಡೋ ಮೂರೋ ಉದ್ದ, ಉಳಿದವೆಲ್ಲ ಮೋಟು. ಒಂದು ಗಿಡ್ಡ, ಪಕ್ಕದ್ದು ಇನ್ನೂ ಗಿಡ್ಡ. ನನ್ನ ಸೂಜಿ ತಗಲಿ ಮುರಿದವೆಂದುಕೊಂಡೆ. ಅದನ್ನು ಒರೆಸಿಹಾಕಿದೆ. ಎರಡನೆಯದನ್ನು ಹಸುಗೂಸನ್ನು ಮುಟ್ಟುವ ಹಾಗೆ ಬಿಡಿಸಿದೆ. ಅದೂ ಹಾಗೆಯೇ. ಇನ್ನು ಬೇರೆ ಇಲ್ಲ. ನನ್ನ ಕೈಗಿಷ್ಟು ಬೆಂಕಿ ಬೀಳಲಿ ಎಂದು ಬೈದುಕೊಂಡು ಬರೆಯಲು ಕೂತೆ. ವೃತ್ತ ಹಾಕಿದೆ, ಹದಿನಾರು ಪಾಲು ಮಾಡಿದೆ, ಹದಿನಾರು ಹಲ್ಲನ್ನೂ ತುದಿಯವರೆಗೆ ಬರೆದೆ. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಗೆದ್ದಲು ತಿಂದ ಪಟವನ್ನು ಸರಿಮಾಡಿದಷ್ಟೇ ಸಹಜವಾಗಿತ್ತು. ಮೇಲೆ ಮುಚ್ಚಿದ್ದ ಗಾಜಿನ ಚೂರು ತೆಗೆಯುವಾಗ ಆ ಕುಡಿಕೆಯೂ ಪುಡಿಯಾಯಿತು. ಹಿಂದಿರುಗಿದ ರಾಯರಿಗೆ ಅದನ್ನು ಹೇಳಿದೆ. ಅವರು ಹಾಳೆಯನ್ನು ನೋಡುತ್ತಾ, “ಹೋಗಲಿ ಬಿಡು, ಚಿತ್ರ ಇದೆಯಲ್ಲ” ಎಂದರು.

ಕುಡಿಕೆಯಿಲ್ಲದ ಪಾಚಿಯೂ ಆ ಚಿತ್ರವೂ ಸೀಮೆಗೆ ಹೋದವು. ಉತ್ತರ ಬರುವ ಹೊತ್ತಿಗೆ ಬೇಸಿಗೆ. ರಾಯರು ನನ್ನನ್ನು ಕರೆಸಿ, ಪತ್ರವನ್ನು ಮೇಜಿನ ಮೇಲಿಟ್ಟು, ತುಂಬಾ ಮೆಲ್ಲಗೆ ಹೇಳಿದರು.

“ಇದೂ ಹಳೇದೇ ಅಂತೆ. ಎಲೆ ನೋಡಿ ಬೇರೆ ಅಂದ್ಕೊಂಡಿದ್ದೆ. ಹಲ್ಲು ಮೋಟಾಗಿ, ಹೆಚ್ಚುಕಡಿಮೆಯಾಗಿ ಇದ್ದಿದ್ದರೆ ಆತನೂ ಒಪ್ತಿದ್ದ. ನೀನು ಚೆನ್ನಾಗಿ ಬರೆದಿದ್ದೀಯ, ಹದಿನಾರೂ ಸಾಲಾಗಿ, ಒಂದೇ ಸಮ. ಅದು ಎಲ್ಲ ಊರಲ್ಲೂ ಇರೋ ಪಾಚಿ.”

 ಒಂದು ಕುಡಿಕೆ ನನ್ನ ಸೂಜಿಯಿಂದ ಮುರಿದಿರಬಹುದು. ಎರಡೂ ಒಂದೇ ರೀತಿ ಮುರಿಯುವುದು ಹೇಗೆ? ಅವು ಮುರಿದಿರಲಿಲ್ಲ. ಅವು ಇದ್ದದ್ದೇ ಹಾಗೆ. ಆ ಮೋಟು ಹಲ್ಲೇ ಅದರ ಕುಲದ ಗುರುತು, ರಾಯರು ಇಷ್ಟು ವರ್ಷ ಕಾದದ್ದು. ನಾನು ಅದನ್ನು ರಿಪೇರಿ ಮಾಡಿ ಕೊಟ್ಟಿದ್ದೆ.  “ಇನ್ನು ತೂಬಿನ ಕೆಲಸ ಶುರು ಮಾಡಿಸಿಬಿಡೋಣ” ಎಂದು ರಾಯರು ಪತ್ರ ಮಡಿಸಿಟ್ಟರು.

ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ರಜೆ ಕೇಳಿ ನಂಜನಗೂಡಿಗೆ ಹೋದೆ. ತಂದೆ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಒಂದಿಷ್ಟೂ ಗಾಬರಿಯಾಗಲಿಲ್ಲ.

“ಸರ್ಯಾಗೇ ಮಾಡಿದ್ದೀಯ ಕಣ್ಲಾ. ಮುರ್ಕ್ಲು ಬರ್ದು ಕೊಟ್ಟಿದ್ರೆ ಇವ್ನು ಯಾರ ಮಗ ಅಂತ ಕೇಳಾಕಿಲ್ವಾ?”

“ಅದು ಮುರುಕಲ್ಲ ಅಪ್ಪಯ್ಯ. ಅದು ಇರೋದೇ ಹಂಗೆ.”

“ಇರೋ ಅಂಗೆ ಬರ್ಯೋಕೆ ಚಿತ್ರಗಾರ ಯಾಕ್ಲಾ? ಸುಮ್ಕಿರು. ನಾಕ್ ದಿನ ಕಳುದ್ರೆ ಅವ್ರೇ ಮರೀತಾರೆ. ಇರೋ ಒಂದು ಕೆಲ್ಸಾನೂ ಕಳ್ಕಂಡು ಬಂದು ಏನ್ ಮಾಡೀಯೆ, ಗ್ವಾಡೆಗೆ ಸುಣ್ಣ ಬಳ್ದೀಯಾ?”

ಅವರ ನಡುಗುವ ಕೈ ನೋಡಿದೆ. ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಆ ಮನೆಯಲ್ಲೂ ನನಗೆ ದಾರಿಯಿರಲಿಲ್ಲ. ಮಾರನೆಯ ದಿನವೇ ಗಾಡಿ ಹತ್ತಿದೆ.

ಗಾಡಿ ಇಳಿದವನು ಕಚೇರಿಗೆ ಹೋಗದೆ ನೇರವಾಗಿ ತೂಬಿಗೆ ಹೋದೆ. ನಾಲೆಯ ನೀರು ನಿಲ್ಲಿಸಿದ್ದರು. ಆಳುಗಳು ಒಳಗಿಳಿದು ಕಬ್ಬಿಣದ ಪಟ್ಟಿಯಿಂದ ಹಳೆಯ ಗಾರೆ ಕೆರೆಯುತ್ತಿದ್ದರು. ಗೋಡೆಯ ಮುಕ್ಕಾಲು ಭಾಗ ಆಗಲೇ ಬೆಳ್ಳಗಾಗಿತ್ತು. ಉಳಿದ ಕಾಲುಭಾಗದಲ್ಲಿ ಒಣಗಿ ಕಂದಾದ ಪಾಚಿ ಕಾಣುತ್ತಿತ್ತು. ಅದು ಸತ್ತಿರುವುದಿಲ್ಲ, ಮಳೆ ಬಿದ್ದರೆ ಗಳಿಗೆಯಲ್ಲಿ ಹಸುರಾಗುತ್ತದೆ ಎಂದು ರಾಯರೇ ನನಗೆ ನೀರು ಚಿಮುಕಿಸಿ ತೋರಿಸಿದ್ದರು. ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದೆ.

ಮೇಸ್ತ್ರಿ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. “ಸಾಯೇಬ್ರ ಚೀಟಿ ಇದ್ರೆ ತೋರ್ಸಿ ಸಾಮಿ, ಈಗ್ಲೇ ನಿಲ್ಲುಸ್ತೀನಿ. ಬಾಯ್ಮಾತ್ಗೆ ನಿಲ್ಲುಸುದ್ರೆ ನನ್ ತಲೆ ಓಯ್ತದೆ. ಪಾಚಿ ಕೆರ್ಯಕ್ಕೂ ಯಾರಾರ ಅಡ್ಡ ಬತ್ತಾರಾ?”

ಚೀಟಿ ಬೇಕಾದರೆ ಎಲ್ಲವನ್ನೂ ಹೇಳಬೇಕು. ಬಿಸಿಲಿನಲ್ಲಿ ಓಡಿದೆ. ರಾಯರು ಕಚೇರಿಯಲ್ಲಿ ಒಬ್ಬರೇ ಇದ್ದರು. ನಿಂತಲ್ಲೇ ಹೇಳಿಬಿಟ್ಟೆ. ಮೋಟು ಹಲ್ಲು, ಎರಡು ಕುಡಿಕೆ, ಸೂಜಿಯ ಭಯ, ನಮ್ಮ ಮನೆಯ ಪದ್ಧತಿ, ಎಲ್ಲ. ಗೋಡೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಸ್ವಾಮಿ, ಒಂದು ಚೀಟಿ ಬರೆದುಕೊಡಿ ಎಂದೆ.

ರಾಯರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಸಂತೋಷವಿತ್ತು ಎಂದರೂ ತಪ್ಪಲ್ಲ. ಅವರ ಪಾಚಿ ಹೊಸದೇ ಆಗಿತ್ತು. ಕಾಗದದ ಮೇಲೆ ಮೇಸ್ತ್ರಿಯ ಹೆಸರು ಬರೆದು ಅಲ್ಲಿಗೇ ನಿಲ್ಲಿಸಿದರು.

“ಮಿಕ್ಕ ಚಿತ್ರಗಳಲ್ಲಿ ಎಷ್ಟು ಕಡೆ ಹೀಗೆ ಸರಿ ಮಾಡಿದ್ದೀಯ?”

“ಗೊತ್ತಿಲ್ಲ ಸ್ವಾಮಿ.”

“ಗೊತ್ತಿಲ್ಲ ಅಂದರೆ?”

“ಕೈ ಮಾಡಿಬಿಡುತ್ತೆ. ಎಲ್ಲೆಲ್ಲಿ ಅಂತ ನೆನಪಿರೋದಿಲ್ಲ.”

ಆ ಸಂತೋಷ ಅವರ ಮುಖದಿಂದ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಬರೆದ ಹೆಸರನ್ನೇ ನೋಡುತ್ತಾ ಹೇಳಿದರು. “ಕೆಲಸ ನಿಲ್ಲಿಸಿದರೆ ಮೇಲಿನವರು ಕಾರಣ ಕೇಳ್ತಾರೆ. ಮುಂದಿನ ಮಳೆಗಾಲ ಕಳೆಯೋ ತನಕ ಬೇರೆ ಕುಡಿಕೆ ಸಿಕ್ಕೋದಿಲ್ಲ, ಅಲ್ಲೀತನಕ ಸೋರೋ ತೂಬನ್ನ ಯಾರ ಮಾತಿನ ಮೇಲೆ ಹಾಗೇ ಬಿಡಲಿ? ನಮ್ಮ ಚಿತ್ರಗಾರ ನೋಡಿದಾನೆ ಅಂತ ಬರೀಲೇ? ಯಾವಾಗ ನೋಡಿದ್ದು ನಿಜ? ಬರೆದಾಗಲೋ, ಈಗಲೋ?”

 ಅವರು ಲೇಖನಿ ಒರೆಸಿ ಕೆಳಗಿಟ್ಟರು. ಚೀಟಿಯನ್ನು ಮುಂದೆ ಬರೆಯಲಿಲ್ಲ.

“ನನ್ನನ್ನು ಕೆಲಸದಿಂದ ಬಿಟ್ಟುಬಿಡಿ ಸ್ವಾಮಿ” ಎಂದು ಬೇಡಿದೆ. ನಿಜವಾಗಿ ಬೇಡಿದೆ. ಊರಿನ ಐದು ಬಾಯಿಯನ್ನೂ ಆ ಗಳಿಗೆಯಲ್ಲಿ ಮರೆತಿದ್ದೆ.

“ಬಿಡೋದು ಹೇಗಯ್ಯಾ? ನೀನು ಬರೆದ ಅರವತ್ತು ಹಾಳೆಯಲ್ಲಿ ಸುಳ್ಳು ಎಲ್ಲಿದೆ ಅಂತ ಹುಡುಕೋದು ನಿನ್ನನ್ನ ಬಿಟ್ಟು ಇನ್ಯಾರಿಗೆ ಸಾಧ್ಯ? ನಾಳೆಯಿಂದ ಮೊದಲನೇ ಹಾಳೆ ತೊಗೋ.”

ಹಾಗೆ ಅದೇ ಕೋಣೆಗೆ, ಅದೇ ಅರೆ ಮುಚ್ಚಿದ ಕಿಟಕಿಗೆ ಹಿಂದಿರುಗಿದೆ. ಎರಡು ವರ್ಷಗಳ ಕಾಲ, ನಮ್ಮಲ್ಲಿ ಉಳಿದಿದ್ದ ಹಳೆಯ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ನೆನೆಸಿ, ಮತ್ತೆ ಬರೆದೆ. ಈ ಸಲ ರಾಯರು ಪಕ್ಕದಲ್ಲೇ ಕೂರುತ್ತಿದ್ದರು. ನಾನು ಒಂದು ಗೆರೆ ಎಳೆದರೆ ಅವರು ಬಗ್ಗಿ ದುರ್ಬೀನಿನಲ್ಲಿ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಹಾಳೆಗಳನ್ನು ಯಾರಿಗೂ ತೋರಿಸುತ್ತಲೂ ಇರಲಿಲ್ಲ. ಮುರುಕು ಎಲೆಯನ್ನು ಮುರುಕಾಗಿಯೇ ಬಿಡಲು ನನ್ನ ಕೈಗೆ ಕಲಿಸಿದ್ದು ನನ್ನ ಬಾಳಿನ ಅತ್ಯಂತ ಕಷ್ಟದ ಕೆಲಸ. ಎಷ್ಟೋ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದೇನೆ. ಮಳೆಗಾಲದಲ್ಲಿ ಹೊಸ ಗಾರೆಯ ಗೋಡೆಯನ್ನು ಇಬ್ಬರೂ ಹೋಗಿ ನೋಡುತ್ತಿದ್ದೆವು. ಏನೂ ಬಂದಿರುತ್ತಿರಲಿಲ್ಲ.

ಕೊನೆಗೆ ತೂಬಿನ ಪಾಚಿಯ ಹಾಳೆಯೊಂದು ಉಳಿಯಿತು. ನೋಡಿ ಬರೆಯಲು ಕುಡಿಕೆ ಇರಲಿಲ್ಲ. ನೆನಪಿನಿಂದ ಬರೆಯಲೇ ಎಂದು ಕೇಳಿದೆ. ರಾಯರು ದುರ್ಬೀನನ್ನು ಪಕ್ಕಕ್ಕೆ ಸರಿಸಿ, “ಸರಿ, ಬರಿ” ಎಂದರು. ಅವರು ಕೈಕಟ್ಟಿಕೊಂಡು ಕಾಯುತ್ತಾ ಕೂತರು. ನಾನು ವೃತ್ತ ಹಾಕಿ ಕಣ್ಣು ಮುಚ್ಚಿದೆ. ಯಾವ ಹಲ್ಲು ಉದ್ದವಿತ್ತು, ಯಾವುದು ಮೋಟಾಗಿತ್ತು, ಎಷ್ಟು ಮೋಟು ಎಂದು ಹುಡುಕಿದೆ. ಹದಿನಾರೂ ಇಡಿಯಾಗಿಯೇ ಕಂಡವು.