ತುದಿ ಮುರಿಯದ ಸ್ಫಟಿಕಕ್ಕಾಗಿ ರಾಣೇಬೆನ್ನೂರಿಗೆ

ಹಾವೇರಿ ಸ್ಟೇಶನ್ನಿನಲ್ಲಿ ಬೆಳಗಿನ ಗಾಡಿ ಹತ್ತಿದಾಗ ನನ್ನ ಚೀಲದಲ್ಲಿ ಸುತ್ತಿಗೆ, ಉಳಿ, ಎರಡು ದಿನದ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ರಾಣೇಬೆನ್ನೂರಿಗೆ ಮೂರನೇ ದರ್ಜೆಯ ಟಿಕೀಟು ಆರಾಣೆ. ಯುದ್ಧ ಶುರುವಾದ ಮೇಲೆ ಗಾಡಿಯಲ್ಲಿ ಕೂತು ಹೋಗುವುದೆಂದರೆ ಪೂರ್ವಜನ್ಮದ ಪುಣ್ಯ. ನಾನು ನಿಂತೇ ಹೋದೆ. ಹದಿನೆಂಟು ವರ್ಷ ಸಾಲೆಯಲ್ಲಿ ಸ್ಫಟಿಕದ ಆರು ಮುಖಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದವ ನಾನು. ಬೇಸಿಗೆಗೆ ನೌಕರಿ ಮುಗಿಯುವುದಿತ್ತು. ಅಷ್ಟರೊಳಗೆ ತುದಿ ಮುರಿಯದ ಒಂದನ್ನಾದರೂ ಮಕ್ಕಳ ಕೈಗೆ ಕೊಡಬೇಕೆಂಬ ಹಟ ನನಗೆ.

ಮರುದಿನ ಊರಿಂದ ನಾಲ್ಕು ಮೈಲು ನಡೆದು, ಸ್ಫಟಿಕ ಸಿಗುತ್ತದೆಂದು ಕೇಳಿದ್ದ ಗುಡ್ಡ ಮುಟ್ಟಿದೆ. ಬೆಣಚುಕಲ್ಲಿನ ಬಿಳಿ ಪಟ್ಟಿಯ ಸಂದೊಂದರಲ್ಲಿ, ಹೆಬ್ಬೆರಳಿಗಿಂತ ದಪ್ಪಗೆ, ನೀರಿನಂಥ ಸ್ಫಟಿಕ ನಿಂತಿತ್ತು. ಸುತ್ತಲಿನ ಕಲ್ಲನ್ನು ಮೊದಲು ಮೆಲ್ಲಗೆ ಬಿಡಿಸಬೇಕು. ಮಕ್ಕಳಿಗೆ ನೂರು ಸಲ ಹೇಳಿದ ಮಾತು. ಬಿಸಿಲು ನೆತ್ತಿಗೇರಿತ್ತು, ನನಗೆ ತಡೆಯಲಾಗಲಿಲ್ಲ. ಒಂದೇ ಏಟಿಗೆ ತುದಿ ಪುಡಿಯಾಗಿ ಹಾರಿತು. ನನ್ನ ಅವಸರಕ್ಕಿಷ್ಟು ಬೆಂಕಿ ಬೀಳಲಿ! ಸಂಜೆಯವರೆಗೆ ಹುಡುಕಿದರೂ ಇನ್ನೊಂದು ಸಿಗಲಿಲ್ಲ. ಆ ಮೋಟನ್ನೇ ಚೀಲಕ್ಕೆ ಹಾಕಿಕೊಂಡೆ.

ಮೂರನೆಯ ದಿನ ತಿರುಗಿ ಬರುವಾಗ ಬ್ಯಾಡಗಿಯಲ್ಲಿ ಇಳಿದೆ; ಮನೆಯವಳು ಮೆಣಸಿನಕಾಯಿ ತರಲು ಹೇಳಿದ್ದಳು. ಕಾಯಿ ದಾಸ್ತಾನಿಡುವ ವಖಾರಿಯ ಅಂಗಳದಲ್ಲಿ ಹೆಂಗಸರು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಕಾಯಿ ಮುರಿದು ನೋಡಿದ ಕೈಯಿಂದಲೇ ಮುಖದ ಬೆವರು ಒರೆಸಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಒಮ್ಮೆ ಕಣ್ಣಿಗೆ ಹಚ್ಚಿಕೊಂಡು ನೋಡಲಿ. ಕಣ್ಣು ಬಿಡಲಾಗದೆ ಅಲ್ಲಿಯೇ ಕೂತುಬಿಟ್ಟೆ.

ತೊಟ್ಟು ಬಿಡಿಸುತ್ತಿದ್ದ ಹುಸೇನಬಿ ಎಂಬ ಮುದುಕಿ ಎದ್ದು ಬಂದು ನನ್ನ ಕಣ್ಣು ತೊಳೆದು, ನೀರಿನ ಹರವಿಯೊಳಗಿಂದ ಏನನ್ನೋ ತೆಗೆದು ರೆಪ್ಪೆಯ ಮೇಲೆ ಅಡ್ಡಲಾಗಿ ಒತ್ತಿದಳು. ಹಾಯೆನಿಸಿತು. ಬೆರಳಾಡಿಸಿದೆ: ಆರು ಮುಖ, ಎರಡೂ ಕಡೆ ಚೂಪು ತುದಿ, ಎಲ್ಲಿಯೂ ಮುಕ್ಕಿಲ್ಲ. ಕಣ್ಣು ಮುಚ್ಚಿಯೇ ಗುರುತು ಹಿಡಿದೆ, ತುದಿ ಮುರಿಯದ ಸ್ಫಟಿಕ. ಅದು ಅವಳ ತಾಯಿಯ ಕಾಲದ್ದಂತೆ, ಯಾವ ಊರಿನದೋ ಗೊತ್ತಿಲ್ಲವಂತೆ. ಅಲ್ಲಿ ಕೂತವರ ಕಣ್ಣಿಗೆಲ್ಲ ಅದೊಂದೇ ಔಷಧ. ಕೊಡು ಎನ್ನಲು ನನಗೆ ಬಾಯಿ ಬರಲಿಲ್ಲ. ಸಾಲೆಯ ಸಂಗತಿ ಹೇಳಿ, ನನ್ನ ಮೋಟು ಕಲ್ಲನ್ನು ತೋರಿಸಿದೆ, ಅಷ್ಟೇ.

ಅವಳು ಆ ಮೋಟನ್ನು ನೀರಿನಲ್ಲಿ ಅದ್ದಿ ತನ್ನ ಕಣ್ಣಿಗೆ ಒತ್ತಿಕೊಂಡು ನೋಡಿದಳು.

"ಇದೂ ಅಷ್ಟ ತಂಪೈತ್ರಿ, ಮಾಸ್ತರ. ನಾವು ತುದಿ ತಗೊಂಡು ಏನ್ ಮಾಡೂದೈತಿ? ಅದನ್ನ ನೀವು ಒಯ್ರಿ, ಇದು ಇಲ್ಲಿರಲಿ."

ಕೆಟ್ಟೇ ಹೋಯಿತೆಂದು ನಾನು ಮರುಗಿದ್ದ ಕಲ್ಲು ಅವಳ ಹರವಿಗೆ ಇಳಿಯಿತು. ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು.

ಹಾವೇರಿಗೆ ಬಂದು ಸ್ಫಟಿಕಕ್ಕೆ ಅಂಟಿಸುವ ಚೀಟಿ ಬರೆಯಲು ಕೂತೆ. ಸಿಕ್ಕ ಸ್ಥಳ ಬರೆಯದಿದ್ದರೆ ಯಾವ ಮಾದರಿಯೂ ಬರೀ ಕಲ್ಲು ಎಂದು ಪಾಠ ಹೇಳಿದವನೂ ನಾನೇ. ಈ ಕಲ್ಲಿನ ಊರು ಹುಸೇನಬಿಗೂ ಗೊತ್ತಿರಲಿಲ್ಲ. ಕಣ್ಣು ಇನ್ನೂ ಸ್ವಲ್ಪ ಉರಿಯುತ್ತಿತ್ತು. ಕೊನೆಗೆ ಬರೆದೆ: "ಸಿಕ್ಕ ಸ್ಥಳ: ಬ್ಯಾಡಗಿ, ಹುಸೇನಬಿಯವರ ನೀರಿನ ಹರವಿ."