ಎಡಗಡೆಯ ಚಂಡೆ

ಇವತ್ತು ಬೆಳಿಗ್ಗೆ ಕುಮಟಾ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಒಳಗಿನಿಂದ ಬೆಸುಗೆಯ ಹೊಗೆ ಬಂತು. ಕಾದ ಸೀಸ, ಕರಗಿದ ರಾಳ ಸೇರಿದ ಆ ವಾಸನೆ ನಿಮಗೂ ಗೊತ್ತಿರಬಹುದು. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ, ನನಗೆ ಒಂದು ಹಳೆಯ ಆಂಪ್ಲಿಫೈಯರ್ ನೆನಪಾಗುತ್ತದೆ. ಅದರ ಹಿಂದೆಯೇ, ಆಗ ನಾನು ಯಾರ್ಯಾರ ಮೇಲೆ ಅನುಮಾನ ಪಟ್ಟಿದ್ದೆ ಎಂಬುದೂ ಸಾಲಾಗಿ ನೆನಪಾಗುತ್ತದೆ. ಅಷ್ಟರಲ್ಲಿ ಅಂಗಡಿಯವನು ನನ್ನ ಫೋನನ್ನು ಒಳಕೋಣೆಗೆ ಒಯ್ದ. ಅಲ್ಲಿ ಅದರ ಹೊಟ್ಟೆಯೊಳಗಿನದನ್ನು ಬದಲಾಯಿಸುತ್ತಾನೋ ಏನೋ ಎಂದು ನಾನು ಕತ್ತು ಉದ್ದ ಮಾಡಿ ನೋಡಿದೆ.

ಇದು ಹುಟ್ಟುಗುಣವಲ್ಲ, ನೌಕರಿಯ ಗುಣ. ಮೊದಲು ನಾನು ಬಸ್ ಕಂಡಕ್ಟರ್, ಆಮೇಲೆ ಟಿಕೆಟ್ ತಪಾಸಣೆ ಮಾಡುವವನು. ಜನ 'ಚೆಕಿಂಗ್ ಸಾಹೇಬ್ರು' ಎಂದೇ ಕರೆಯುತ್ತಿದ್ದರು. ನಾಳೆ ಹೆದ್ದಾರಿಯಲ್ಲಿ ಎಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುತ್ತೇನೆಂದು ಹೆಂಡತಿಗೂ ಹೇಳುತ್ತಿರಲಿಲ್ಲ. ಮಿರ್ಜಾನದಲ್ಲಿ ಹತ್ತಿ ಹಿರೇಗುತ್ತಿಯಲ್ಲಿ ಇಳಿಯುವವನು ಕಿಟಕಿಯಾಚೆ ಭಾರಿ ಗಂಭೀರವಾಗಿ ನೋಡುತ್ತ ಕೂತಿದ್ದರೆ ಅವನ ಬಳಿ ಟಿಕೆಟ್ ಇಲ್ಲವೆಂದೇ ಲೆಕ್ಕ. ಇಂಥ ಕಣ್ಣು ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದ ಮಾತ್ರಕ್ಕೆ ಮುಚ್ಚುವುದಿಲ್ಲ.

ಮನೆಯಲ್ಲಿ ನೋಡಿದರೆ ಹೆಂಡತಿ ಪ್ರೇಮಾ ಮಾತು ಬಿಟ್ಟಿದ್ದಳು. ಪಕ್ಕದ ಮನೆಯವರ ಜೊತೆ ಬೇಲಿಗೆ ಒರಗಿ ಕೊಂಕಣಿಯಲ್ಲಿ ಬೇಕಾದಷ್ಟು ಹರಟುತ್ತಾಳೆ, ನಗುತ್ತಾಳೆ. ನನ್ನ ಹತ್ತಿರ ಬಂದರೆ ತುಟಿ ಮಾತ್ರ ಅಲ್ಲಾಡುತ್ತದೆ. ನನ್ನನ್ನೇ ಬೈದು ಗೊಣಗುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ನಾನೂ ಬಿಗುಮಾನ ಬಿಡಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಮಾತು ನಿಂತರೆ ಅನ್ನವೂ ಗಂಟಲಲ್ಲಿ ಇಳಿಯುವುದಿಲ್ಲ, ಅದು ಅನುಭವಿಸಿದವರಿಗೇ ಗೊತ್ತು. ನನಗೆ ಹೆದರಿಕೆಯಾಗುತ್ತಿತ್ತು. ಇನ್ನುಳಿದ ಆಯುಷ್ಯವೆಲ್ಲ ಹೀಗೇ ಮುಗಿದುಹೋದರೆ? ಏನಾದರೊಂದು ಸದ್ದು ಮನೆಗೆ ಬೇಕೆನಿಸಿತು. ಹಾಡು ಕೇಳಿದರಾದರೂ ಅವಳು ಬಂದು ಪಕ್ಕದಲ್ಲಿ ಕೂತಾಳು ಎಂದುಕೊಂಡೆ.

ಭಟ್ಕಳದಲ್ಲಿ ನನಗೆ ಪರಿಚಯದ ಇಸ್ಮಾಯಿಲ್ ಸಾಹೇಬರಿದ್ದರು. ಅವರ ತಂದೆ ಬಹಳ ಹಿಂದೆ ದುಬೈಯಿಂದ ತಂದ ಜಪಾನಿನ ಸ್ಟೀರಿಯೋ ಆಂಪ್ಲಿಫೈಯರ್ ಅಟ್ಟದ ಮೇಲಿತ್ತು. ಬೆಳ್ಳಿ ಬಣ್ಣದ ಮುಖ, ಸುತ್ತ ಮರದ ಕವಚ. ಗಾಜಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಮುಳ್ಳು, ಸದ್ದಿಗೆ ತಕ್ಕಂತೆ ಕುಣಿಯುವಂಥವು. ಸಾಹೇಬರು ಹೆಚ್ಚು ಬೆಲೆ ಹೇಳಲಿಲ್ಲ. ಮೊದಲ ಅನುಮಾನ ಬಂದದ್ದೇ ಅಲ್ಲಿ.

ನೌಕರಿ ಸಿಗುವ ಮೊದಲು ನಾನು ರೇಡಿಯೋ ರಿಪೇರಿ ಕಲಿತಿದ್ದೆ. ಕೊಂಡು ತಂದ ಪೆಟ್ಟಿಗೆಯನ್ನು ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ ಬಿಚ್ಚಿದೆ. ಕೆಪ್ಯಾಸಿಟರುಗಳ ತಲೆ ಉಬ್ಬಿತ್ತು, ಉಪ್ಪುಗಾಳಿಗೆ ತಂತಿಗಳ ಬುಡ ಹಸಿರುಗಟ್ಟಿತ್ತು. ಒಂದು ಸ್ಕ್ರೂ ಉಳಿದವುಗಳಂತಿರಲಿಲ್ಲ. ಯಾರೋ ಮೊದಲೇ ಕೈ ಹಾಕಿದ್ದಾರೆ! ಹೊನ್ನಾವರದ ಅಂಗಡಿಯಿಂದ ಹೊಸ ಕೆಪ್ಯಾಸಿಟರು ತಂದು ಹಾಕಿದೆ, ಕರಕರ ಎನ್ನುವ ವಾಲ್ಯೂಮಿನ ತಿರುಗಣೆ ತೊಳೆದೆ, ಫೋನಿನಿಂದ ಹಾಡು ಬರಲೆಂದು ಒಂದು ಬ್ಲೂಟೂತ್ ಬೋರ್ಡನ್ನೂ ಒಳಗೆ ಕೂರಿಸಿದೆ. ಮೊದಲ ಸಲ ಕರೆಂಟು ಕೊಟ್ಟದ್ದು ನಡುವೆ ಒಂದು ಬಲ್ಬು ಸಿಕ್ಕಿಸಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ತಿಳಿಸುತ್ತದೆ, ಪೆಟ್ಟಿಗೆ ಸುಡುವುದಿಲ್ಲ. ಬಲ್ಬು ಮಿಣುಕಿ ಸುಮ್ಮನಾಯಿತು. ಪ್ರೇಮಾ ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸಿ ಒಳಗೆ ಹೋದಳು.

ಎಡಕ್ಕೊಂದು ಬಲಕ್ಕೊಂದು ಸ್ಪೀಕರು ಇಟ್ಟು ಫೋನಿನಲ್ಲಿದ್ದ ಯಕ್ಷಗಾನ ಹಚ್ಚಿದೆ. ಭಾಗವತರು ನಡುವೆ ಹಾಡುತ್ತಿದ್ದಾರೆ, ಬಲಕ್ಕೆ ಮದ್ದಳೆ ತುಂಬಿಕೊಂಡು ಕೇಳುತ್ತಿದೆ. ಎಡಗಡೆ ಬರಬೇಕಾದ ಚಂಡೆ ಮಾತ್ರ ಆಚೆ ಕೇರಿಯಲ್ಲಿ ಬಾರಿಸಿದ ಹಾಗೆ! ಸ್ಪೀಕರುಗಳನ್ನು ಅದಲುಬದಲು ಮಾಡಿದೆ. ಆಗಲೂ ಎಡಗಡೆಯೇ ಸಣ್ಣ. ಸರಿ, ಕಳ್ಳ ಸ್ಪೀಕರಿನಲ್ಲಿಲ್ಲ, ಆಂಪ್ಲಿಫೈಯರಿನಲ್ಲೇ ಇದ್ದಾನೆ. ಹೊನ್ನಾವರದವನು ಹಳೆಯ ಮಾಲಿಗೆ ಹೊಸ ಮೇಲ್ಪದರ ಸುತ್ತಿ ಕೊಟ್ಟಿರಬೇಕೆಂದು ಎಡಭಾಗದ್ದನ್ನೆಲ್ಲ ಕಿತ್ತು ಬೇರೆ ಹಾಕಿದೆ. ಗಾಜಿನ ಹಿಂದಿನ ಎರಡು ಮುಳ್ಳೂ ಸಮಸಮ ಕುಣಿಯುತ್ತಿದ್ದವು. ನಾನು ಮುಳ್ಳುಗಳನ್ನೂ ನಂಬಲಿಲ್ಲ.

ಕಡೆಗೆ ಭಟ್ಕಳಕ್ಕೆ ಫೋನು ಮಾಡಿದೆ.

"ಸಾಹೇಬ್ರೇ, ಎಡಗಡೆಯ ಅಸಲಿ ಸಾಮಾನು ಯಾರು ತೆಗೆದದ್ದು?"

"ಚೆಕಿಂಗ್ ಸಾಹೇಬ್ರೇ, ಅದು ನಮ್ಮ ತಂದೆ ಮುಟ್ಟಿದ ಸಾಮಾನು. ನಾನು ಸುಳ್ಳು ಹೇಳೂದಿಲ್ಲ. ಬೇಡ ಅಂದ್ರೆ ವಾಪಸ್ ತನ್ನಿ."

ಇಷ್ಟು ಸುಲಭವಾಗಿ ವಾಪಸ್ ತಗೊಳ್ಳುತ್ತೇನೆ ಅನ್ನುವವರ ಮೇಲೆ ನನಗೆ ಇನ್ನೂ ಅನುಮಾನ. ಸಿಟ್ಟಿನಲ್ಲಿ ಬ್ಯಾಲೆನ್ಸ್ ಗುಂಡಿಯನ್ನು ಎಡಕ್ಕೆ ತಿರುಗಿಸಿ ವಾಲ್ಯೂಮ್ ಏರಿಸಿದೆ. ಪ್ರೇಮಾ ಕಿವಿ ಮುಚ್ಚಿಕೊಂಡು ಓಡಿ ಬಂದಳು. ಈ ಸಲ ಅವಳು ಕೂಗಿದ್ದರಿಂದ ಕೇಳಿಸಿತು.

"ಎಂತ ಆತು ನಿಮಗೆ? ಆ ಎಡಗಡೆದು ಮನೆಯ ಮಾಡೇ ಹಾರಿಸ್ತದೆ!"

ಇವಳೂ ಸಾಹೇಬರ ಪಕ್ಷವೋ ಎಂದು ಜಗಳಕ್ಕೆ ಎದ್ದು, ಸ್ಪೀಕರುಗಳಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದೆ. ತಿರುಗಿದ್ದೇ ತಡ, ಚಂಡೆ ಬಲಗಿವಿಯ ಪಕ್ಕದಲ್ಲೇ ಸಿಡಿಯಿತು. ಮತ್ತೆ ಈಚೆ ತಿರುಗಿದೆ, ಚಂಡೆ ಆಚೆ ಕೇರಿಗೆ ಹೋಯಿತು. ಆಚೆ ತಿರುಗಿದೆ, ಬಂತು. ಹಗಲು ಹೊತ್ತಿನಲ್ಲಿ ಜಗಲಿಯ ನಡುವೆ ಗಿರಗಿರ ತಿರುಗುವ ಗಂಡನನ್ನು ಪ್ರೇಮಾ ಬಾಯಿ ತೆರೆದು ನೋಡುತ್ತಿದ್ದಳು.

ಬಸ್ಸಿನಲ್ಲಿ ಎಲ್ಲರ ಟಿಕೆಟ್ ಕೇಳುವವನನ್ನು ಯಾರೂ ಟಿಕೆಟ್ ಕೇಳುವುದಿಲ್ಲ, ಅವನೂ ಕೇಳಿಕೊಳ್ಳುವುದಿಲ್ಲ. ಕೆಟ್ಟದ್ದು ನನ್ನ ಎಡಗಿವಿ.

ಪೆಟ್ಟಿಗೆ ಆರಿಸಿ, ಎಡಗಿವಿ ಕೇಳುತ್ತಿಲ್ಲವೆಂದು ಅವಳಿಗೆ ಹೇಳಿ ಅಲ್ಲೇ ಕೂತೆ. ಯಾವಾಗಲೂ ನನ್ನ ಎಡಕ್ಕೆ ಕೂರುವ ಪ್ರೇಮಾ ಈ ಸಲ ಬಲಕ್ಕೆ ಬಂದು ಕೂತಳು. "ಹಂಗಾರೆ ನಾ ಕರೆದದ್ದು ನಿಮಗೆ ಕೇಳ್ತಲೇ ಇರಲಿಲ್ಲವಾ?" ಎಂದು ಕೇಳಿದಳು.

"ನೀನು ಯಾವಾಗ ಕರೆದೆ?"

"ದಿನಾ ಕರೀತಿದ್ದೆ. ನೀವು ಓ ಅಂದದ್ದೇ ಇಲ್ಲ. ನನ್ನಿಂದ ಎಂತ ತಪ್ಪಾತೋ, ಎಂತ ತಪ್ಪಾತೋ ಅಂತ ಯೋಚನೆ ಮಾಡಿ ಮಾಡಿ, ಕಡೆಗೆ ಕರೆಯೂದೇ ಬಿಟ್ಟೆ."

ನಾನು ಅವಳನ್ನು ಅನುಮಾನಿಸುತ್ತ ಕೂತಿದ್ದಾಗ ಅವಳು ತನ್ನನ್ನೇ ಅನುಮಾನಿಸಿಕೊಳ್ಳುತ್ತಿದ್ದಳು.

ಕಿವಿಯ ಡಾಕ್ಟರು ಎಂಜಿನ್ನಿನ ಸದ್ದು, ಸೀಟಿ, ವಯಸ್ಸು ಎಲ್ಲವನ್ನೂ ದೂರಿ ಒಂದು ಯಂತ್ರ ಕೊಟ್ಟರು. ಭಟ್ಕಳಕ್ಕೆ ಹೋಗಿ ಸಾಹೇಬರೆದುರು ಕೈಮುಗಿದೆ. ಅವರು ನಕ್ಕು ಚಹಾ ತರಿಸಿದರು. ಆದರೆ ಬಿಟ್ಟುಹೋದ ಕರೆ ಯಂತ್ರ ಹಾಕಿದ ಕೂಡಲೇ ವಾಪಸ್ ಬರುವುದಿಲ್ಲ. ಪ್ರೇಮಾ ಬಹಳ ಕಾಲ ಹತ್ತಿರ ಬಂದು ಮೊಣಕೈ ಮುಟ್ಟಿಯೇ ಮಾತಾಡುತ್ತಿದ್ದಳು. ನನಗೋ ಅವಳ ಒಂದು ಕರೆಯೂ ತಪ್ಪಿಹೋಗಬಾರದೆಂಬ ಭಯ. ಕುಕ್ಕರ್ ಕೂಗಿದರೂ ಓ, ಗೇಟು ಕಿರುಗುಟ್ಟಿದರೂ ಓ.

ಇವತ್ತು ಪೇಟೆಯಿಂದ ಬಂದು ಕೂತಿದ್ದೆ. ಒಳಗೆ ಏನೋ ಸದ್ದಾಯಿತು.

"ಓ," ಎಂದೆ.

"ನಾ ಕರೀಲಿಲ್ಲ," ಎಂದಳು ಪ್ರೇಮಾ ಒಳಗಿನಿಂದ. ತುಸು ತಡೆದು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಎಡಗಡೆಯೇ ಕೂತಳು. "ಕರಿಯೋಳೇ ಇದ್ದೆ."

ಸುಳ್ಳಿರಬಹುದು. ನಾನು ತಪಾಸಣೆ ಮಾಡಲಿಲ್ಲ.