ಕತ್ತಲಾಗದ ದೇಶಕ್ಕೆ ಆರು ವರ್ಷ

ನನ್ನ ಗಂಡನಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲವೆಂದು ನನಗೆ ಗೊತ್ತಾದದ್ದು ಡಲ್ಲಾಸ್ ಪಕ್ಕದ ಇರ್ವಿಂಗ್‌ನ ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ. 2012ರ ನವೆಂಬರ್. ಚಳಿಗಾಲಕ್ಕೆಂದು ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ವಾರವಾಗಿತ್ತು, ಸಂಜೆ ಆರಕ್ಕೇ ಕತ್ತಲು ಕವಿದಿತ್ತು. ಕಾರಿನ ಕಡೆ ನಡೆಯುತ್ತಿದ್ದ ನನ್ನ ಗಂಡ ಎದುರಿಗೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರಿಗೆ ನೇರವಾಗಿ ಡಿಕ್ಕಿ ಹೊಡೆದರು. ಆಕೆಯ ಕೈಯಲ್ಲಿದ್ದ ಪುಳಿಯೋಗರೆ ನೆಲದ ಪಾಲಾಯಿತು.

"ಏನಪ್ಪಾ, ಕಣ್ಣು ಕಾಣ್ಸಲ್ವಾ ನಿಂಗೆ?"

"ಇಲ್ಲ ಆಂಟಿ, ಕಾಣ್ಸಲ್ಲ."

ಆಕೆ ನಕ್ಕರು. "ಹೆಂಡ್ತಿ ಕೈ ಹಿಡ್ಕೊಂಡು ನಡಿ ಹಂಗಾದ್ರೆ," ಎಂದು ಮುಂದೆ ಹೋದರು. ನನ್ನ ಗಂಡ ನಗಲಿಲ್ಲ. ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಓಡ್ಸು," ಎಂದರು. ನಾನು ಡ್ರೈವಿಂಗ್ ಕಲಿತು ಆಗ ನಾಲ್ಕು ತಿಂಗಳಾಗಿತ್ತು. ಚಿಕ್ಕಂದಿನಿಂದಲೂ ಹೀಗೇ ಇತ್ತು, ಎಲ್ಲರಿಗೂ ರಾತ್ರಿ ಹೀಗೆಯೇ ಕಾಣುತ್ತದೆಂದು ತಿಳಿದಿದ್ದೆ ಎಂದು ಅವರು ಹೇಳಿದ್ದು ಮನೆಗೆ ಬಂದು ಅರ್ಧ ಗಂಟೆಯ ನಂತರ. ಕತ್ತಲಾದ ಮೇಲೆ ಹೊರಗೆ ಹೋಗುವುದನ್ನು ಅವರು ತಪ್ಪಿಸುತ್ತಿದ್ದರು, ನನಗದು ಅವರ ಸ್ವಭಾವವೆಂದು ಅನ್ನಿಸಿತ್ತು.

ಮುಂದಿನ ತಿಂಗಳು ಹೂಸ್ಟನ್‌ನ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ಬಿಳಿ ಬೋಗುಣಿಯಂಥ ಯಂತ್ರದೊಳಗೆ ತಲೆಯಿಟ್ಟು ಕೂರಬೇಕು, ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹಿಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ಗುಂಡಿಯ ಸದ್ದು ಸ್ವಲ್ಪ ಹೊತ್ತು ಬರುತ್ತಿತ್ತು, ಆಮೇಲೆ ಬಹಳ ಹೊತ್ತು ಬರುತ್ತಿರಲಿಲ್ಲ. ಅವರು ಮಾತ್ರ ಪರೀಕ್ಷೆ ಸುಲಭವಾಗಿತ್ತು ಎಂದುಕೊಂಡೇ ಹೊರಗೆ ಬಂದರು. ಕಾಣದ ಚುಕ್ಕಿಗಳು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಡಾಕ್ಟರು ಒಂದು ಹಾಳೆಯ ಮೇಲೆ ವಂಶವೃಕ್ಷ ಬರೆಯುತ್ತಾ ಪ್ರಶ್ನೆ ಕೇಳಿದರು. ತಂದೆ ತಾಯಿ ರಕ್ತಸಂಬಂಧಿಗಳೇ? ನನ್ನ ಗಂಡ ಹೌದೆಂದರು. ಹೇಗೆ? ನನ್ನ ಅತ್ತೆಯನ್ನು ಅವರ ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಡೆ ಇದನ್ನು ಹೇಳಲು ಒಂದು ವಾಕ್ಯವೂ ಬೇಡ, ಸಂಬಂಧದಲ್ಲೇ ತಂದದ್ದು ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಹೇಳುವಾಗ ಅವರು ಎರಡು ಸಲ ತಡವರಿಸಿದರು. ಡಾಕ್ಟರು ರಕ್ತಸಂಬಂಧದ ಗುರುತಾಗಿ ಅಪ್ಪ ಅಮ್ಮನ ನಡುವೆ ಇದ್ದ ಒಂದು ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರು.

ಔಷಧಿ ಇಲ್ಲ, ಆಪರೇಷನ್ ಇಲ್ಲ ಎಂದರು. ಸುತ್ತಲಿನ ನೋಟ ಮೊದಲು ಹೋಗುತ್ತದೆ, ನಡುಭಾಗ ಕೊನೆಯವರೆಗೆ ಉಳಿಯಬಹುದು, ಎಷ್ಟು ವರ್ಷ ಎಂದು ಹೇಳಲಾಗದು. ಇದೆಲ್ಲವನ್ನೂ ನಾನು ಟಿಪ್ಪಣಿ ಮಾಡಿಕೊಂಡೆ. ಅಮೆರಿಕಕ್ಕೆ ಬರುವ ಮೊದಲು ಎಂಟು ವರ್ಷ ಮೈಸೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು, ಬರೆದುಕೊಳ್ಳುವುದು ಅಭ್ಯಾಸ. ಆದರೆ ಟಿಪ್ಪಣಿಯ ಮೇಲೆ ತಲೆಬರಹವಾಗಿ ನಾನು ಬರೆದ ಪದ ಒಂದೇ: ಇರುಳುಗುರುಡು. ನಮ್ಮಿಬ್ಬರಿಗೂ ಗೊತ್ತಿದ್ದ ಪದ ಅದು. ಡಾಕ್ಟರು ಹೇಳಿದ್ದನ್ನೆಲ್ಲ ನಾವು ಆ ಪದದೊಳಗೆ ಹಾಕಿಟ್ಟೆವು.

ಹೂಸ್ಟನ್‌ನಿಂದ ಡಲ್ಲಾಸ್‌ಗೆ ನಾಲ್ಕು ಗಂಟೆಯ ದಾರಿ. ನಾನು ಡ್ರೈವ್ ಮಾಡುತ್ತಿದ್ದೆ, ಅವರು ಫೋನು ನೋಡುತ್ತಿದ್ದರು. ಅರ್ಧ ದಾರಿ ದಾಟಿದ ಮೇಲೆ ಬಾಯಿಬಿಟ್ಟರು.

"ನಾರ್ವೆ ಗೊತ್ತಲ್ಲ? ಅದರ ಉತ್ತರದ ಕಡೆ ಜೂನ್‌ನಲ್ಲಿ ಸೂರ್ಯ ಮುಳುಗೋದೇ ಇಲ್ವಂತೆ ಕಣೇ. ಹನ್ನೆರಡು ಗಂಟೆ ರಾತ್ರೀಲೂ ಬಿಸಿಲು."

"ಅದಕ್ಕೆ?"

"ರಾತ್ರಿನೇ ಇಲ್ಲ ಅಂದ್ರೆ ಅಲ್ಲಿ ನಂಗೆ ಈ ಕಾಯಿಲೇನೂ ಇಲ್ಲ ಅಂತ."

ಆ ದಿನ ಅವರು ಆಡಿದ ಒಂದೇ ತಮಾಷೆಯ ಮಾತು ಅದು ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಒಂದು ವಾರದಲ್ಲಿ ಫ್ರಿಜ್‌ನ ಬಾಗಿಲಿಗೆ ನಾರ್ವೆಯ ನಕ್ಷೆ ಬಂತು. ಬೆಟ್ಟಗಳ ನಡುವೆ ಬೆರಳು ಚಾಚಿದ ಹಾಗೆ ಒಳಗೆ ಬರುವ ಸಮುದ್ರ, ನೀರಿನ ಅಂಚಿಗೆ ಕೆಂಪು ಮರದ ಮನೆಗಳು, ಜೂನ್‌ನಲ್ಲೂ ಹಿಮ ಹೊತ್ತ ಗುಡ್ಡಗಳ ಮೇಲೆ ಹೋಗುವ ರೈಲು. ಆಫೀಸಿನಿಂದ ಬಂದು ಸೋಫಾದಲ್ಲಿ ಕುಳಿತು ಟಿವಿಯಲ್ಲಿ ಇವನ್ನೇ ನೋಡುತ್ತಿದ್ದರು. ಟೆಕ್ಸಸ್‌ನ ಚಪ್ಪಟೆ ನೆಲದಲ್ಲಿ ಆರು ವರ್ಷ ಇದ್ದವರಿಗೆ ಬೆಟ್ಟ ಕಂಡರೆ ಸಾಕಾಗಿರುತ್ತದೆ ಎಂದು ನಾನು ನೆಂಟರಿಗೆ ಹೇಳುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಬೆಟ್ಟವಲ್ಲ. ಸಂಜೆ ಊಟವಾದ ಮೇಲೆ ಯಾರ ಕೈಯನ್ನೂ ಹಿಡಿಯದೆ ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರುವುದು. ಅದನ್ನು ಅವರು ಹುಟ್ಟಿದ ಮೇಲೆ ಒಂದು ಸಲವೂ ಮಾಡಿರಲಿಲ್ಲ.

ಮುಂದಿನ ಜೂನ್‌ಗೇ ಹೋಗೋಣವೆಂದರು. ಬೇಡವೆಂದದ್ದು ನಾನು.

ನಮ್ಮ ಪಾಸ್‌ಪೋರ್ಟಿನ ಅಮೆರಿಕ ವೀಸಾದ ಅವಧಿ ಮುಗಿದಿತ್ತು. ಕೆಲಸದ ಅನುಮತಿ ಮುಂದುವರಿದಿತ್ತು, ಹಾಗಾಗಿ ಟೆಕ್ಸಸ್‌ನಲ್ಲಿ ಇರುವುದಕ್ಕೆ ಏನೂ ತೊಂದರೆಯಿರಲಿಲ್ಲ. ಆದರೆ ಒಮ್ಮೆ ದೇಶ ಬಿಟ್ಟರೆ, ಹೊರಗಿನ ಯಾವುದಾದರೂ ಅಮೆರಿಕನ್ ಕಾನ್ಸುಲೇಟಿನಲ್ಲಿ ಹೊಸ ವೀಸಾ ಹಾಕಿಸಿಕೊಳ್ಳದೆ ವಾಪಸು ಬರುವಂತಿಲ್ಲ. ಇದಕ್ಕೆ ನಮ್ಮ ಜನ ಸ್ಟ್ಯಾಂಪಿಂಗ್ ಎನ್ನುತ್ತಾರೆ. ಮದುವೆ, ತಿಥಿ, ಬಾಣಂತನ, ಪ್ರವಾಸ, ಎಲ್ಲವೂ ಈ ಪದದ ಹಿಂದೆ ಸಾಲು ನಿಲ್ಲುತ್ತವೆ. ಒಬ್ಬರಿಗೆ ಎರಡು ದಿನದಲ್ಲಿ ಆಗುತ್ತದೆ, ಇನ್ನೊಬ್ಬರಿಗೆ ಇನ್ನಷ್ಟು ಪರಿಶೀಲನೆ ಎಂಬ ಚೀಟಿ ಸಿಕ್ಕಿ ತಿಂಗಳುಗಟ್ಟಲೆ ಹೊರಗೇ ಉಳಿಯಬೇಕಾಗುತ್ತದೆ. ಅಷ್ಟರಲ್ಲಿ ಕೆಲಸ ಹೋಗುತ್ತದೆ, ಕೆಲಸದ ಜೊತೆ ಇನ್ಶೂರೆನ್ಸು, ಇನ್ಶೂರೆನ್ಸಿನ ಜೊತೆ ಹೂಸ್ಟನ್‌ನ ಆಸ್ಪತ್ರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಟ್ಟೆ. ಖಚಿತವಾಗದ್ದನ್ನು ಅಚ್ಚಿಗೆ ಕಳಿಸಬಾರದು ಎಂಬ ಪಾಠ ಕಲಿತು ಬಂದವಳು ನಾನು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಆಗಲೇ ಸಾಲಿನಲ್ಲಿದ್ದೆವು, ಅದು ಬಂದರೆ ಸ್ಟ್ಯಾಂಪಿಂಗ್‌ನ ಗೊಡವೆಯೇ ಇಲ್ಲ, ಅಲ್ಲಿಯವರೆಗೆ ಕಾಯೋಣವೆಂದೆ. ಅದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲವೆಂದು ಇಬ್ಬರಿಗೂ ಅನ್ನಿಸಿತು. ಸಮಸ್ಯೆ ಇರುವುದು ಇರುಳಿನಲ್ಲಿ. ನಾರ್ವೆಯಲ್ಲಿ ಮುಂದಿನ ಜೂನ್‌ನಲ್ಲೂ ಇರುಳು ಇರುವುದಿಲ್ಲ.

ಮರುವರ್ಷದ ಯುಗಾದಿಗೆ ಟೆಕ್ಸಸ್‌ನಲ್ಲೇ ಇರುವ ಲಿಯಾಂಡರ್‌ಗೆ ಹೋದೆವು. ಅಲ್ಲಿ ನನ್ನ ಗಂಡನ ಅಕ್ಕನ ಮನೆ. ಅತ್ತಿಗೆಯ ಕಣ್ಣಿಗೆ ಏನೂ ಆಗಿರಲಿಲ್ಲ. ಹೂಸ್ಟನ್‌ನ ವಂಶವೃಕ್ಷದ ಕಥೆ ಕೇಳಿ ಹೋಳಿಗೆ ಬಡಿಸುತ್ತಾ ನಕ್ಕರು.

"ಡಾಕ್ಟ್ರಿಗೆ ಹೇಳ್ಬೇಕಿತ್ತು, ಮದುವೆ ಆಗಿ ಹತ್ತು ವರ್ಷ ಆದ್ರೂ ನಮ್ಮಮ್ಮ ಅಪ್ಪನ್ನ ಮಾಮ ಮಾಮ ಅಂತಾನೇ ಕರೀತಿದ್ಲು ಅಂತ. ಇನ್ನೂ ಒಂದು ಗೆರೆ ಹಾಕೋರು."

"ನಿಂಗೆ ತಮಾಷೆ ಅಕ್ಕ. ಎರಡು ಗೆರೇಲಿ ನಿಂಗೊಂದೂ ಬರ್ಲಿಲ್ಲ."

ಅತ್ತಿಗೆ ಇನ್ನೊಂದು ಹೋಳಿಗೆ ತಮ್ಮನ ಎಲೆಗೆ ಹಾಕಿದರು. ಆಮೇಲೆ ತುಪ್ಪ ಹಾಕಿ, "ಅಲಾಸ್ಕಾಗೆ ಹೋಗ್ರೋ," ಎಂದರು. "ಅಲ್ಲೂ ಸೂರ್ಯ ಮುಳುಗಲ್ವಂತೆ. ಸ್ಟ್ಯಾಂಪಿಂಗೂ ಬೇಡ, ಏನೂ ಬೇಡ."

"ಅದೂ ಅಮೆರಿಕಾನೇ ಅಲ್ವಾ ಅಕ್ಕ. ಗ್ರೀನ್ ಕಾರ್ಡ್ ಲೈನಲ್ಲಿ ನಿಂತುಕೊಂಡೇ ಲೈನಿನ ಇನ್ನೊಂದು ತುದಿ ನೋಡ್ಬಾ ಅಂದ ಹಂಗಾಯ್ತು."

"ಹಂಗಾದ್ರೆ ಕಾಯಿ. ಗ್ರೀನ್ ಕಾರ್ಡ್ ಬರ್ಲಿ, ರಾಜನ ಥರ ಹೋಗ್ಬಾ. ನಾರ್ವೆ ಏನ್ ಎಲ್ಲಾದ್ರೂ ಓಡೋಗುತ್ತಾ?"

ನಾನೂ ಅದನ್ನೇ ಹೇಳಿದೆ. ಅವರು ಹೋಳಿಗೆ ತಿಂದರು.

ಆಮೇಲಿನ ವರ್ಷಗಳನ್ನು ನಾನು ಹೂಸ್ಟನ್‌ನ ಹಾಳೆಗಳಲ್ಲಿ ನೆನಪಿಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಒಂದು ಪರೀಕ್ಷೆ, ಪ್ರತಿ ಪರೀಕ್ಷೆಗೆ ಒಂದು ಹಾಳೆ. ಕಾಣುವ ಭಾಗ ಬಿಳಿ, ಕಾಣದ ಭಾಗ ಕಪ್ಪು. ಮೊದಲ ಹಾಳೆಯಲ್ಲಿ ಕಪ್ಪು ಬಳೆಯ ಹಾಗಿತ್ತು, ಅದರ ಹೊರಗೂ ಬಿಳಿ, ಒಳಗೂ ಬಿಳಿ. ಮೂರನೆಯದರಲ್ಲಿ ಹೊರಗಿನ ಬಿಳಿ ಇರಲಿಲ್ಲ. ಇದು ಹಗಲಿನ ನೋಟದ ಚಿತ್ರ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಮೂರು ಹಾಳೆ ಬೇಕಾದವು. ಮೇಜಿನ ತುದಿಯಲ್ಲಿಟ್ಟ ಸಾರಿನ ಬಟ್ಟಲು ಮಧ್ಯಾಹ್ನದ ಬೆಳಕಿನಲ್ಲೇ ಅವರ ಮೊಣಕೈ ತಾಗಿ ಬೀಳತೊಡಗಿತು. ಇಂಡಿಯನ್ ಅಂಗಡಿಯಲ್ಲಿ ಪರಿಚಯದವರು ಪಕ್ಕದಿಂದ ಕೈ ಚಾಚಿದರೆ ಇವರು ನೋಡದೆ ಹೋಗುತ್ತಿದ್ದರು, ಜಂಬ ಬಂದಿದೆ ಎಂಬ ಮಾತಾಯಿತು. ಲಾಸ್ ಕೊಲಿನಾಸ್ ಬಡಾವಣೆಯಲ್ಲಿದ್ದ ಅವರ ಆಫೀಸಿಗೆ ಅವರನ್ನು ದಿನಾ ನಾನೇ ಬಿಟ್ಟು ಕರೆತರತೊಡಗಿದೆ. ಯಾಕೆಂದು ಆಫೀಸಿನಲ್ಲಿ ಹೇಳಲಿಲ್ಲ. ಕೆಲಸ ಹೋದರೆ ಗ್ರೀನ್ ಕಾರ್ಡಿನ ಸಾಲಿನ ಜಾಗವೂ ಹೋಗುತ್ತದೆಂಬ ಭಯ. ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದಾಗ ಅಕ್ಷರ ಓದಿಸಿದರು, ಓದಿದರು. ನೇರಕ್ಕೆ ಇರುವುದು ಅವರಿಗೆ ಆಗಲೂ ಚೆನ್ನಾಗಿ ಕಾಣುತ್ತಿತ್ತು.

ನಾಲ್ಕನೆಯ ವರ್ಷ, ಹಾಳೆ ಕೈಗೆ ಬಂದ ದಿನ, ನಾನೇ ಕೇಳಿದೆ. "ಹೋಗಿಬಿಡೋಣ್ವಾ? ಸ್ಟ್ಯಾಂಪಿಂಗ್ ಏನಾದ್ರೂ ಆಗ್ಲಿ."

"ಇನ್ನೇನು ಡೇಟ್ ಹತ್ರ ಬಂತಲ್ಲೇ," ಎಂದರು. ಅರ್ಜಿ ಹಾಕಿದ ದಿನಾಂಕದ ಪ್ರಕಾರ ಸಾಲು ಮುಂದೆ ಸಾಗುತ್ತದೆ. ಪ್ರತಿ ತಿಂಗಳು ಸರ್ಕಾರ ಅದನ್ನು ಪ್ರಕಟಿಸುತ್ತದೆ. ಆ ತಿಂಗಳು ನಮ್ಮ ದಿನಾಂಕಕ್ಕೆ ಆರು ವಾರ ದೂರವಿತ್ತು. ಮುಂದಿನ ತಿಂಗಳು ಸಾಲು ವರ್ಷಗಳಷ್ಟು ಹಿಂದಕ್ಕೆ ಸರಿಯಿತು. ಹಾಗೂ ಆಗುತ್ತದೆ.

ಅವರು ಆ ವಿಷಯ ಮತ್ತೆ ಎತ್ತಲಿಲ್ಲ. ಟಿವಿ ನೋಡುವಾಗ ಸೋಫಾ ಬಿಟ್ಟು ಊಟದ ಮೇಜಿನ ಹತ್ತಿರದ ಕುರ್ಚಿಗೆ ಹೋದರು. ದೂರ ಕುಳಿತರೆ ಇಡೀ ಪರದೆ ಕಾಣುತ್ತದಂತೆ. ಒಂದು ವರ್ಷದ ನಂತರ ಆ ಕುರ್ಚಿಯನ್ನು ಗೋಡೆಗೆ ಒರಗಿಸಿದರು. ಅದಕ್ಕಿಂತ ಹಿಂದೆ ಹೋಗಲು ನಮ್ಮ ಮನೆಯಲ್ಲಿ ಜಾಗವಿರಲಿಲ್ಲ.

ಗ್ರೀನ್ ಕಾರ್ಡ್ ಬಂದದ್ದು 2018ರ ಆರಂಭದಲ್ಲಿ. ಲಿಯಾಂಡರ್‌ನಿಂದ ಅತ್ತಿಗೆ ಫೋನಿನಲ್ಲೇ ಅತ್ತರು. ನಾರ್ವೆಯ ವೀಸಾಕ್ಕೆ ಹೂಸ್ಟನ್‌ಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಜೂನ್ ಎರಡನೆಯ ವಾರ ಡಲ್ಲಾಸ್‌ನಿಂದ ಹೊರಟೆವು.

ನಾರ್ವೆಯಲ್ಲಿ ಬೆಟ್ಟ ದಾಟಿ ಪಶ್ಚಿಮ ತೀರಕ್ಕೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಅವರದು. ಮೊದಲ ಎರಡು ಗಂಟೆ ಕಾಡು, ಕೆರೆ. ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುತ್ತಾ, ಒಂದು ಕೆರೆಯನ್ನು ನಾಲ್ಕು ತುಂಡಾಗಿ ನೋಡಿ ಜೋಡಿಸಿಕೊಳ್ಳುತ್ತಿದ್ದರು. ಮುಖದಲ್ಲಿ ಸಂತೋಷವಿತ್ತು. ಆಮೇಲೆ ರೈಲು ಎತ್ತರಕ್ಕೆ ಏರಿತು, ಸುರಂಗಗಳು ಶುರುವಾದವು. ಸುರಂಗ ಹೊಕ್ಕರೆ ಅವರಿಗೆ ಏನೂ ಕಾಣದು. ಹೊರಗೆ ಬಂದರೆ ಹಿಮದ ಮೇಲಿನ ಬಿಸಿಲು ಕಣ್ಣಿಗೆ ಬಡಿದು ಬರೀ ಬಿಳಿ. ಆ ಬಿಳಿ ತಿಳಿಯಾಗಿ ಬೆಟ್ಟ ಮೂಡುವುದಕ್ಕೆ ಅವರ ಕಣ್ಣಿಗೆ ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಮುಂದಿನ ಸುರಂಗ. ಸುತ್ತಲಿನವರು ಪ್ರತಿ ಸಲವೂ ಉಸಿರೆಳೆದು ಫೋನು ಎತ್ತುತ್ತಿದ್ದರು, ಆ ಸದ್ದಿನಿಂದ ಹೊರಗೆ ಏನೋ ಇದೆ ಎಂದು ಇವರಿಗೆ ತಿಳಿಯುತ್ತಿತ್ತು.

"ಈಗ ಏನಿತ್ತು?" ಎಂದು ಕೇಳಿದರು.

"ಜಲಪಾತ. ಕೆಳಗೆ ಒಂದು ಹಸಿರು ಮನೆ."

ಐದಾರು ಸಲ ಕೇಳಿದರು, ಐದಾರು ಸಲ ಹೇಳಿದೆ. ಆಮೇಲೆ ಅವರು ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಟಿಕೆಟ್ ನೋಡಲು ಬಂದ ಹುಡುಗಿ ನಿದ್ದೆ ಬಂದಿದೆಯೆಂದುಕೊಂಡು ಮೆತ್ತಗೆ ಮಾತಾಡಿದಳು.

ಮೂರು ದಿನದ ನಂತರ ವಿಮಾನದಲ್ಲಿ ಉತ್ತರಕ್ಕೆ, ಮೀನುಗಾರರ ಒಂದು ದ್ವೀಪಕ್ಕೆ ಹೋದೆವು. ರಾತ್ರಿ ಹನ್ನೊಂದೂವರೆಗೆ ಊಟ ಮುಗಿಸಿ ಹೊರಗೆ ಬಂದಾಗ ಸಮುದ್ರದ ಮೇಲೆ ಸಂಜೆ ನಾಲ್ಕರ ಬಿಸಿಲು. ಮನೆಗಳ ಮುಂದೆ ಜನ ಕಾಫಿ ಕುಡಿಯುತ್ತಾ ಕುಳಿತಿದ್ದರು. ನನ್ನ ಗಂಡ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. ನಾನು ಹಿಂದೆ ನಿಂತೆ. ದೋಣಿ ನಿಲ್ಲುವ ಕಟ್ಟೆಯ ಮೇಲೆ ನೆಟ್ಟಗೆ ಇಪ್ಪತ್ತು ಹೆಜ್ಜೆ ನಡೆದರು. ಒಣ ಮೀನಿನ ಪೆಟ್ಟಿಗೆಗಳು ಎಡಕ್ಕಿದ್ದವು. ದೋಣಿ ಕಟ್ಟುವ ಕಬ್ಬಿಣದ ಗೂಟ ಬಲಕ್ಕಿತ್ತು, ಮೊಣಕಾಲಿನ ಎತ್ತರಕ್ಕೆ, ಹಳದಿ ಬಣ್ಣ ಬಳಿದದ್ದು. ನನಗೆ ಅದು ಕಾಣುತ್ತಿತ್ತು. ಕೂಗಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅದಕ್ಕೆ ಎಡವಿ ಮುಗ್ಗರಿಸಿ ಬಿದ್ದರು.

ಎತ್ತಿ ಕೂರಿಸಿದೆ. ಅಂಗೈ ತರಚಿತ್ತು. ಯಾರೋ ನೀರು ತಂದುಕೊಟ್ಟು ಹೋದರು. ನನ್ನ ಗಂಡ ಸೂರ್ಯನಿಗೆ ಮುಖ ಮಾಡಿ ಕುಳಿತರು.

"ಬೆಳಕು ನಿಜವಾಗ್ಲೂ ಹಂಗೇ ಇದೆ, ಅಲ್ವಾ?"

"ಹ್ಞೂಂ ರೀ. ಹಂಗೇ ಇದೆ."

"ಮೊದಲನೇ ವರ್ಷಾನೇ ಬಂದಿದ್ರೆ ಈ ಗೂಟ ಕಾಣ್ಸೋದು."

ಕಾಣುತ್ತಿತ್ತು. ಮೊದಲ ವರ್ಷದ ಹಾಳೆ ನನಗೆ ಬಾಯಿಪಾಠವಾಗಿತ್ತು. ಗೂಟ ನಿಂತಿದ್ದ ಜಾಗ ಆ ಹಾಳೆಯಲ್ಲಿ ಇನ್ನೂ ಬಿಳಿಯಾಗಿತ್ತು.

"ಕಾಣ್ಸೋದು ರೀ," ಎಂದೆ. "ಕಾಯೋಣ ಅಂದವಳು ನಾನು."

ಅವರು ಎದ್ದು ನಿಂತರು. ಕೈ ಚಾಚಿದರು, ನಾನು ಹಿಡಿದುಕೊಂಡೆ. ರೂಮಿಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಮೆಟ್ಟಿಲಿದೆ ಎಂದು ಹೇಳುತ್ತಾ ನಡೆದೆ.